ಹೆಬ್ಬಾಳ ದಾಟಿ ಹೋದ ಕೋಚ್: ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳ ನೆನಪಿನ ಒಂದು ಓದು

ಕನ್ನಡದಲ್ಲಿ ಮ್ಯಾನೇಜರ್ ಎಂದರೆ ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ಕೂತಿರುವವರು. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಆ ಪದ ತಂಡ ಕಟ್ಟಿ ಆಡಿಸುವ, ಸೋತರೆ ಹೊಣೆ ಹೊರುವ ವ್ಯಕ್ತಿಗೆ ಸಲ್ಲುತ್ತದೆ. ನಮ್ಮಲ್ಲಿ ತಂಡದ ಮ್ಯಾನೇಜರ್ ಟಿಕೆಟ್ಟು, ಊಟ, ವಸತಿ ನೋಡಿಕೊಳ್ಳುವವರು; ಆಡಿಸುವವರು ಕೋಚ್. ಈ ಲೇಖನದಲ್ಲೂ ಅದೇ ಪದ ಬಳಸಿದ್ದೇನೆ. ಆದರೆ ಪದಕ್ಕಿಂತ ದೊಡ್ಡ ವಿಷಯ ಒಂದಿದೆ: ಕ್ಲಬ್ಬಿನ ಕೋಚ್‌ರನ್ನು ಹೆಸರು ಹಿಡಿದು ನೆನೆಯುವ ರೂಢಿಯೇ ಬೆಂಗಳೂರಿಗೆ ಹೊಸದು.

ಇಲ್ಲಿನ ಫುಟ್‌ಬಾಲ್ ಮಾತ್ರ ಹಳೆಯದು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಬಾರಿ ಗೆದ್ದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ರಾಮನ್, ಅಹ್ಮದ್ ಖಾನ್ ಎಂಬ ಹೆಸರುಗಳು ಹಳಬರ ಬಾಯಲ್ಲಿ ಇನ್ನೂ ಇವೆ. ಆ ತಂಡದ ಕೋಚ್ ಬಲಾಯಿದಾಸ್ ಚಟರ್ಜಿ ಅವರ ಹೆಸರು ಯಾರ ಬಾಯಲ್ಲೂ ನಾನು ಕೇಳಿಲ್ಲ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳ ಕಾಲದಲ್ಲಿ ಆಟಗಾರರು ಅಲ್ಲಿನ ನೌಕರರು. ಆಡಿಸುವವರೂ ಬಹುಮಟ್ಟಿಗೆ ಅದೇ ವಲಯದವರು. ದಿನಾ ಎದುರು ಸಿಗುವವರನ್ನು ನೆನೆಯಬೇಕಾದ ಅಗತ್ಯ ಹುಟ್ಟುವುದಿಲ್ಲ.

2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಅದರೊಂದಿಗೆ ಹೊರಗಿನಿಂದ ಬಂದು, ಒಪ್ಪಂದದ ಅವಧಿ ಇದ್ದು ಹೋಗುವ ಕೋಚ್ ಎಂಬ ವ್ಯಕ್ತಿಯೂ ನಮ್ಮ ಅನುಭವಕ್ಕೆ ಬಂದರು. ಹೆಬ್ಬಾಳದಲ್ಲಿ ಬದುಕುವವರಿಗೆ ಈ ಬರುವಿಕೆ, ಹೋಗುವಿಕೆಯ ದಾರಿ ಕಣ್ಣೆದುರಿನದು. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಳ್ಳಾರಿ ರಸ್ತೆ ಹಿಡಿದು ಬಂದವರು ಹೆಬ್ಬಾಳದ ಫ್ಲೈಓವರ್ ಹತ್ತಿ ಊರೊಳಗೆ ಇಳಿಯುತ್ತಾರೆ. ಪಂದ್ಯದ ಸಂಜೆ ಅದೇ ರಸ್ತೆಯಲ್ಲಿ, ನೀಲಿ ಅಂಗಿ ತೊಟ್ಟ ನಾವು ಬಸ್ಸುಗಳಲ್ಲಿ ಮೇಖ್ರಿ ಸರ್ಕಲ್ ದಾಟಿ ಕಂಠೀರವ ಸ್ಟೇಡಿಯಂಗೆ ಹೋಗುತ್ತಿದ್ದೆವು. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಆ ಬಸ್ಸುಗಳಲ್ಲಿ, ವೆಸ್ಟ್ ಬ್ಲಾಕ್‌ನ ಮೆಟ್ಟಿಲುಗಳಲ್ಲಿ ಕಿವಿಗೆ ಬಿದ್ದದ್ದು.

ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್. ಕಾಲಿಟ್ಟ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದರು. 2015ರಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಲೀಗ್. ಮೂರು ವರ್ಷದಲ್ಲಿ ಮೂರು ಕಪ್ಪು. ಅವರ ನಂತರ ಬಂದ ಆಲ್ಬರ್ಟ್ ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಜೊತೆ ದುಡಿದವರು. ರೋಕಾ ಅವರ ಮೊದಲ ವರ್ಷದ ಐ-ಲೀಗ್‌ನಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್ ಅವರ ಕಾಲದವು. ಐ-ಲೀಗ್ ಬಿಟ್ಟು ಕ್ಲಬ್ ಸೇರಿದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 40 ಅಂಕಗಳೊಂದಿಗೆ ಪಟ್ಟಿಯ ತುದಿಯಲ್ಲಿದ್ದು, ಫೈನಲ್‌ನಲ್ಲಿ ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋತರು. ಆ ಪ್ರಶಸ್ತಿ ತಂದವರು ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್, 2019ರಲ್ಲಿ.

ಗೆಲುವಿನ ಲೆಕ್ಕವೇ ನೆನಪಿನ ಲೆಕ್ಕವಾಗಿದ್ದರೆ ರೋಕಾ ಅವರ ಹೆಸರು ಹಿಂದೆ ಬೀಳಬೇಕಿತ್ತು. ಬಿದ್ದಿಲ್ಲ. ಕಾರಣ 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಅಲ್ಲಿ 1-1 ಆಗಿತ್ತು. ಇಲ್ಲಿ ಮೊದಲ ಗೋಲು ಅವರದೇ. ಆಮೇಲೆ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು. 3-1. ಏಷ್ಯಾದ ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮೂರಿನದಾಯಿತು. ಆ ರಾತ್ರಿ ಸ್ಟೇಡಿಯಂ ಬಿಟ್ಟು ಹೊರಡಲು ಯಾರಿಗೂ ಮನಸ್ಸಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1. ಗೋಲ್‌ಕೀಪರ್ ಅಮರಿಂದರ್ ಸಿಂಗ್ ನಿಷೇಧದಿಂದ ಆಡುವಂತಿರಲಿಲ್ಲ ಎಂಬುದನ್ನು ಈಗಲೂ ಯಾರಾದರೂ ಎತ್ತದೇ ಬಿಡುವುದಿಲ್ಲ.

ಈ ನೆನಪಿನಲ್ಲಿ ಗಮನಿಸಬೇಕಾದದ್ದು ಕ್ರಿಯಾಪದಗಳು. ಆಟಗಾರರಿಗೆ ನಮ್ಮ ಜನ ಏಕವಚನ ಹಾಕುತ್ತಾರೆ: ಚೆಟ್ರಿ ಹೊಡೆದ, ಜಾನ್ಸನ್ ತಡೆದ. ಅದು ಸಲುಗೆ, ಅಗೌರವವಲ್ಲ. ವೆಸ್ಟ್‌ವುಡ್ ಬಗ್ಗೆ ಮಾತು ಬಂದಾಗ, ನಾನು ಕೇಳಿದಂತೆ, ಬಹುವಚನವೇ ಹೆಚ್ಚು: ಶಿಸ್ತು ಕಲಿಸಿದರು, ಫಿಟ್‌ನೆಸ್ ಕಲಿಸಿದರು. ಅದು ಮೇಷ್ಟರ ಸ್ಥಾನ. ರೋಕಾ ಅವರ ವಿಷಯದಲ್ಲಿ ಒಂದೇ ಮಾತಿನೊಳಗೆ ವಚನ ಬದಲಾಗುತ್ತದೆ. ಆಟದ ಶೈಲಿ ವಿವರಿಸುವಾಗ ಆಡಿಸಿದರು. ದೋಹಾದ ಸೋಲಿಗೆ ಬಂದ ಕೂಡಲೇ, ಪಾಪ, ಎಷ್ಟು ನೊಂದುಕೊಂಡ. ಗೌರವ ಅಲ್ಲಿ ಕಮ್ಮಿಯಾಗಿಲ್ಲ, ಮನೆಯವನಾಗಿದ್ದಾನೆ. ಗೆಲ್ಲಿಸಿದವರಿಗೆ ಕೃತಜ್ಞತೆ ಸಲ್ಲಿಸಿ ಲೆಕ್ಕ ಚುಕ್ತಾ ಮಾಡಬಹುದು. ಜೊತೆಗೆ ಸೋತವನ ಜೊತೆ ಬಾಕಿ ಉಳಿಯುತ್ತದೆ, ಆ ಬಾಕಿಗೆ ಕನ್ನಡದಲ್ಲಿ ಋಣ ಎಂಬ ಪದ ಇದ್ದೇ ಇದೆ. 2018ರ ಮೇ ತಿಂಗಳಲ್ಲಿ ರೋಕಾ ಕ್ಲಬ್ ಬಿಡುತ್ತಾರೆಂಬ ಸುದ್ದಿ ಬಂದಾಗ ನನ್ನ ಪಕ್ಕದಲ್ಲಿ ಸದಾ ಕೂರುತ್ತಿದ್ದ ಹಿರಿಯರೊಬ್ಬರು ಅಂದದ್ದೂ ಅದನ್ನೇ: ಈ ಊರಿನ ನೀರಿನ ಋಣ ಅಷ್ಟೇ ಇತ್ತೇನೋ.

ಅಭಿಮಾನಿಗಳು ಈಗ ಕಾಲವನ್ನೇ ಕೋಚ್‌ಗಳ ಹೆಸರಿನಲ್ಲಿ ಅಳೆಯುತ್ತಾರೆ. ಮಗು ಹುಟ್ಟಿದ್ದು, ಕೆಲಸ ಬದಲಿಸಿದ್ದು, ಹೆಬ್ಬಾಳಕ್ಕೆ ಮನೆ ಮಾಡಿದ್ದು ಯಾವಾಗ ಎಂದು ಕೇಳಿದರೆ ಇಸವಿ ಹೇಳುವ ಮೊದಲೇ ಉತ್ತರ ಬರುತ್ತದೆ: ರೋಕಾ ಇದ್ದಾಗ.