ತುಂಗಭದ್ರೆಯ ಎಡದಂಡೆ ಮತ್ತು ಇಂಜಿನಿಯರುಗಳ ವೃತ್ತಿನಾಯಕತ್ವ

ಕೊಪ್ಪಳ ಜಿಲ್ಲೆಯ ಸಾಣಾಪುರದ ಕೆರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಆಧಾರ. ಈ ನೀರಿನ ಚರಿತ್ರೆಯಲ್ಲಿ ಇಂಜಿನಿಯರಿಂಗ್ ವೃತ್ತಿಯ ನಾಯಕತ್ವ ಎಲ್ಲಿಂದ ಹುಟ್ಟಬೇಕೆಂಬ ಪ್ರಶ್ನೆಯೂ ಅಡಗಿದೆ. 1945ರ ಫೆಬ್ರವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಶಂಕುಸ್ಥಾಪನೆ ನೆರವೇರಿತು. ಎಡದಂಡೆ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತದ್ದು. ಇಂಜಿನಿಯರನ ಸರ್ಕಾರಿ ಅಧಿಕಾರವು ನದಿಯ ನಡುವಿನ ಗಡಿಯಲ್ಲಿಯೇ ಮುಗಿಯುತ್ತಿತ್ತು. ತುಂಗಭದ್ರಾ ಮಂಡಳಿ ರಚಿತವಾದುದು 1953ರಲ್ಲಿ.

ಇಂತಹ ಗಡಿಗಳನ್ನು ಮೀರಿದ ವೃತ್ತಿಬಂಧವೊಂದು ಅದಕ್ಕೂ ಮೊದಲೇ ರೂಪುಗೊಂಡಿತ್ತು. ಭಾರತದ ಇಂಜಿನಿಯರುಗಳ ಸಂಸ್ಥೆಯು 1920ರಲ್ಲಿ ಸ್ಥಾಪನೆಯಾಗಿ, 1935ರಲ್ಲಿ ರಾಜಸನ್ನದು ಪಡೆಯಿತು. ಅದರ ಪ್ರಥಮ ಅಧ್ಯಕ್ಷ ಸರ್ ಥಾಮಸ್ ಹಾಲೆಂಡ್ ಭೂವಿಜ್ಞಾನಿ. 1916ರಲ್ಲಿ ನೇಮಕಗೊಂಡ ಕೈಗಾರಿಕಾ ಆಯೋಗದ ಅಧ್ಯಕ್ಷರೂ ಆಗಿದ್ದವರು. ಸದಸ್ಯರು ಪರಿಷತ್ತನ್ನೂ ಪರಿಷತ್ತು ಅಧ್ಯಕ್ಷನನ್ನೂ ಆರಿಸುವ ಪದ್ಧತಿಯಲ್ಲಿ ಸೇವಾ ಜ್ಯೇಷ್ಠತೆಯೊಂದೇ ಸಾಲದು. ಆಜ್ಞೆ ಮಾಡಿ ಅಭ್ಯಾಸವಾದ ಅಧಿಕಾರಿಯೂ ಇಲ್ಲಿ ಸಮಾನರ ಮುಂದೆ ನಿಂತು ಮತ ಯಾಚಿಸಬೇಕು.

ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವು ಇದಕ್ಕೆ ಸಮೀಪದ ನಿದರ್ಶನ. ಅವರು ಮೈಸೂರಿನ ದಿವಾನಗಿರಿಯಿಂದ 1918ರಲ್ಲಿ ನಿವೃತ್ತರಾದರು. 1923ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. 1941ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಉತ್ಪಾದಕರ ಸಂಘವನ್ನು ಮುನ್ನಡೆಸಿದರು. ಅಧಿಕಾರ ಕಳೆದ ಮೇಲೂ ಉಳಿದ ಮನ್ನಣೆಯೇ ಈ ಸ್ಥಾನಗಳ ತಳಹದಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ.

ಇಂತಹ ಮನ್ನಣೆಯ ಅಗತ್ಯವು ತುಂಗಭದ್ರೆಯಲ್ಲಿಯೇ ಮತ್ತೊಮ್ಮೆ ಪ್ರಕಟವಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ರೈತರ ಬೆಳೆಗೆ ಮೀಸಲಾಗಬೇಕಾದ ನೀರು ನದಿಗೆ ಹರಿಯಿತು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗೇಟು ಅಳವಡಿಸಲಾಯಿತು. ಅವರ ಮಾತಿಗೆ ಬೆಲೆ ತಂದುಕೊಟ್ಟದ್ದು ಹುದ್ದೆಯಲ್ಲ, ಅನುಭವ.

ವೃತ್ತಿಸಂಸ್ಥೆಯ ಅಧ್ಯಕ್ಷನಿಗೆ ಗೇಟನ್ನು ದುರಸ್ತಿ ಮಾಡಿಸುವ ಅಧಿಕಾರವಿಲ್ಲ. ಆದರೆ ದುರಸ್ತಿ ಬೇಕೆಂದು ಸರ್ಕಾರಗಳಿಗೆ ನಿರ್ಭಯವಾಗಿ ಹೇಳುವ ಸ್ವಾತಂತ್ರ್ಯವಿದೆ. ಆ ಸ್ಥಾನವನ್ನು ಬಯಸುವವರನ್ನು ಮತದಾರರು ಅಳೆಯಬೇಕಾದುದು ಈ ಒರೆಗಲ್ಲಿನಿಂದಲೇ. ಏಕೆಂದರೆ ಆ ಮಾತು ಸಕಾಲದಲ್ಲಿ ಬಾರದಿದ್ದರೆ ಅದರ ನಷ್ಟವನ್ನು ಹೊರುವವರು ಮತದಾನದ ಹಕ್ಕಿಲ್ಲದ ಅಚ್ಚುಕಟ್ಟಿನ ರೈತರು.