ನೆಲ ಮುಟ್ಟುವ ಮುನ್ನ: ಏರ್ ಆಂಬುಲೆನ್ಸ್ ಹೆಲಿಕಾಪ್ಟರ್‌ಗಳ ಸುರಕ್ಷಿತ ಇಳಿಕೆ

ವಿಮಾನದ ಪೈಲಟ್‌ಗೆ ತಾನು ಇಳಿಯಲಿರುವ ರನ್‌ವೇಯ ಉದ್ದ, ದಿಕ್ಕು, ದೀಪಗಳ ಸಾಲು ಎಲ್ಲವೂ ಮೊದಲೇ ಗೊತ್ತಿರುತ್ತವೆ. ಅಪಘಾತದ ಸ್ಥಳಕ್ಕೆ ಹಾರುವ ಏರ್ ಆಂಬುಲೆನ್ಸ್ ಹೆಲಿಕಾಪ್ಟರಿನ ಪೈಲಟ್ ಮಾತ್ರ ಹೆದ್ದಾರಿ ಪಕ್ಕದ ಹೊಲವನ್ನೋ ಶಾಲೆಯ ಮೈದಾನವನ್ನೋ ಮೊದಲ ಸಲ ನೋಡುವುದು ಅದರ ನೆತ್ತಿಯ ಮೇಲೆ ಬಂದ ಬಳಿಕವೇ. ಇಳಿಯಬಹುದೋ ಬೇಡವೋ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕು. ಜಾಗದ ಅಳತೆ, ಗಾಳಿಯ ದಿಕ್ಕು, ಎಂಜಿನ್ನಿನ ಶಕ್ತಿ, ನೆಲದ ಮೇಲಿರುವವರ ಶಿಸ್ತು ಇವೆಲ್ಲ ಆ ತೀರ್ಮಾನಕ್ಕೆ ಆಧಾರ. ಇಳಿಯದೆ ಹಿಂದಿರುಗುವ ಸ್ವಾತಂತ್ರ್ಯವೂ ಪೈಲಟ್‌ಗೆ ಅಷ್ಟೇ ಮುಖ್ಯ.

ಹಿನ್ನೆಲೆ

1944ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಕೋರ್ಸ್ಕಿ ವೈಆರ್-4ಬಿ ಹೆಲಿಕಾಪ್ಟರ್ ಬರ್ಮಾದ ಕಾಡಿನಲ್ಲಿ ಸಿಕ್ಕಿಬಿದ್ದಿದ್ದವರನ್ನು ಒಬ್ಬೊಬ್ಬರನ್ನಾಗಿ ಹೊರತಂದಿತು. ಕೊರಿಯಾ ಯುದ್ಧದಲ್ಲಿ ಬೆಲ್-47 ಹೆಲಿಕಾಪ್ಟರಿನ ಎರಡೂ ಬದಿಗೆ ಸ್ಟ್ರೆಚರ್ ಕಟ್ಟಿ ಗಾಯಾಳುಗಳನ್ನು ಸಾಗಿಸಿದರು. ನಾಗರಿಕ ಸೇವೆಗೆ ಗಟ್ಟಿ ನೆಲೆ ಸಿಕ್ಕಿದ್ದು ಜರ್ಮನಿಯಲ್ಲಿ: 1970ರ ನವೆಂಬರ್ 1ರಂದು ಮ್ಯೂನಿಕ್‌ನಲ್ಲಿ ‘ಕ್ರಿಸ್ಟೋಫ್ 1’ ಹೆಲಿಕಾಪ್ಟರ್ ಕೆಲಸ ಆರಂಭಿಸಿತು. 1972ರಲ್ಲಿ ಅಮೆರಿಕದ ಡೆನ್ವರ್‌ನ ಆಸ್ಪತ್ರೆಯೊಂದು ತನ್ನದೇ ಸೇವೆ ತೆರೆಯಿತು. ಭಾರತದಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆಯ ‘ಸಂಜೀವಿನಿ’ ಹೆಲಿ ಆಂಬುಲೆನ್ಸ್‌ಗೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ದೊರೆಯಿತು. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೀತಾ ಹೆಲಿಕಾಪ್ಟರ್‌ಗಳು ಸಿಯಾಚಿನ್ ಹಿಮನದಿಯಿಂದ ಅಸ್ವಸ್ಥ ಸೈನಿಕರನ್ನು ಕೆಳಗಿಳಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ.

ಜಾಗ ಎಷ್ಟಿರಬೇಕು?

ಲೆಕ್ಕ ಶುರುವಾಗುವುದು ರೋಟರ್ ತಿರುಗುತ್ತಿರುವಾಗ ಹೆಲಿಕಾಪ್ಟರಿನ ಒಟ್ಟು ಉದ್ದ ಎಷ್ಟು ಎಂಬುದರಿಂದ. ಯುರೋಪಿನ ಮಾರ್ಗಸೂಚಿಯ ಪ್ರಕಾರ ಹಗಲಿನಲ್ಲಿ ಇಳಿಯುವ ಜಾಗದ ಉದ್ದ, ಅಗಲ ಎರಡೂ ಈ ಅಳತೆಯ ಕನಿಷ್ಠ ಎರಡು ಪಟ್ಟು ಇರಬೇಕು. ಮೊದಲೇ ಸಮೀಕ್ಷೆಯಾಗಿರದ ಜಾಗದಲ್ಲಿ ರಾತ್ರಿ ಇಳಿಯುವುದಾದರೆ ಉದ್ದ ನಾಲ್ಕು ಪಟ್ಟು, ಅಗಲ ಎರಡು ಪಟ್ಟು. ಏರ್ ಆಂಬುಲೆನ್ಸ್ ಆಗಿ ಹೆಚ್ಚು ಬಳಕೆಯಲ್ಲಿರುವ ಎಚ್-135 ಸುಮಾರು 12 ಮೀಟರ್ ಉದ್ದವಿದೆ. ಹಾಗಾಗಿ ಅದಕ್ಕೆ ಹಗಲಲ್ಲಿ ಸುಮಾರು 24 ಮೀಟರ್ ಚೌಕ, ರಾತ್ರಿ ಸುಮಾರು 48 ಮೀಟರ್ ಉದ್ದದ ಬಯಲು ಬೇಕು. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಗೆ ಸಾಮಾನ್ಯವಾಗಿ ಹೇಳಿಕೊಡುವ ಅಳತೆ 100 ಅಡಿ ಉದ್ದ, 100 ಅಡಿ ಅಗಲ.

ಮೇಲಿನಿಂದ ಒಂದು ಸುತ್ತು

ಸ್ಥಳ ತಲುಪಿದ ಕೂಡಲೇ ಪೈಲಟ್ ನೇರವಾಗಿ ಕೆಳಗಿಳಿಯುವುದಿಲ್ಲ. ಮೊದಲು ಎತ್ತರದಲ್ಲಿ ಒಂದು ಸುತ್ತು ಹಾಕಿ ಜಾಗದ ಗಾತ್ರ, ಆಕಾರ, ಸುತ್ತಲಿನ ಅಡೆತಡೆ, ನೆಲದ ಗುಣ, ಇಳಿಜಾರು ಇವನ್ನು ಒಂದೊಂದಾಗಿ ನೋಡುತ್ತಾರೆ. ಸೂರ್ಯ ಕಣ್ಣಿಗೆ ಎದುರಾಗುತ್ತಾನೆಯೇ, ಹೊಗೆ ಯಾವ ಕಡೆ ವಾಲುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಇಳಿಯುವುದು ನಿಯಮ. ಎದುರುಗಾಳಿ ಇದ್ದರೆ ಕಡಿಮೆ ಶಕ್ತಿಯಲ್ಲಿ ಹೆಲಿಕಾಪ್ಟರ್ ಹಿಡಿತದಲ್ಲಿರುತ್ತದೆ. ಕೊನೆಯ ಗಳಿಗೆಯಲ್ಲಿ ತೊಂದರೆ ಕಂಡರೆ ಮತ್ತೆ ಮೇಲೇರಿ ಹೋಗುವ ದಾರಿಯನ್ನೂ ಆಗಲೇ ಗೊತ್ತುಮಾಡಿಕೊಳ್ಳುತ್ತಾರೆ. ಹಿಂದೆ ಕುಳಿತ ವೈದ್ಯರು, ಪ್ಯಾರಾಮೆಡಿಕ್‌ಗಳು ಈ ಹೊತ್ತಿನಲ್ಲಿ ಬೇರೆ ಮಾತು ನಿಲ್ಲಿಸಿ ಕಿಟಕಿಯಿಂದ ತಂತಿ, ಕಂಬ, ಮರಗಳನ್ನು ಹುಡುಕಿ ಹೇಳುತ್ತಾರೆ.

ಇಳಿಯುವಾಗಿನ ಅಪಾಯಗಳು

ತಂತಿ: ವಿದ್ಯುತ್ ತಂತಿ ಮೇಲಿನಿಂದ ನೋಡುವ ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ಪೈಲಟ್‌ಗಳು ತಂತಿಯ ಬದಲು ಕಂಬ ಹುಡುಕುತ್ತಾರೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ಲೆಕ್ಕ. ಕೆಲವು ಹೆಲಿಕಾಪ್ಟರ್‌ಗಳ ಮೂತಿಯ ಮೇಲೆ ಮತ್ತು ಕೆಳಗೆ ತಂತಿ ಕತ್ತರಿಸುವ ಅಲಗುಗಳಿರುತ್ತವೆ.

ಧೂಳು ಮತ್ತು ಹಿಮ: ಒಣ ನೆಲ ಸಮೀಪಿಸಿದಂತೆ ರೋಟರ್ ಗಾಳಿ ಧೂಳೆಬ್ಬಿಸಿ ಪೈಲಟ್‌ನ ನೋಟವನ್ನು ಪೂರ್ತಿ ಮುಚ್ಚಿಬಿಡಬಹುದು. ಹೊಸ ಹಿಮದ ಮೇಲೂ ಇದೇ ಪಾಡು. ನೆಲ ಕಾಣದಾದಾಗ ಹೆಲಿಕಾಪ್ಟರ್ ಪಕ್ಕಕ್ಕೆ ಜಾರುತ್ತಿರುವುದು ಪೈಲಟ್‌ನ ಅರಿವಿಗೇ ಬರುವುದಿಲ್ಲ. ಅಗ್ನಿಶಾಮಕ ವಾಹನ ಮೊದಲೇ ನೆಲಕ್ಕೆ ನೀರು ಚಿಮುಕಿಸಿದ್ದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ.

ತನ್ನದೇ ಗಾಳಿಯ ಸುಳಿ: ಮುಂದಕ್ಕೆ ವೇಗವಿಲ್ಲದೆ, ಎಂಜಿನ್ನಿಗೆ ಶಕ್ತಿ ಕೊಟ್ಟುಕೊಂಡೇ ಬೇಗಬೇಗ ನೇರ ಕೆಳಗಿಳಿದರೆ ಹೆಲಿಕಾಪ್ಟರ್ ತಾನೇ ತಳ್ಳಿದ ಗಾಳಿಯ ಸುಳಿಯೊಳಗೆ ಸಿಲುಕುತ್ತದೆ. ಆಗ ಶಕ್ತಿ ಹೆಚ್ಚಿಸಿದರೆ ಕುಸಿತ ಇನ್ನೂ ಜೋರಾಗುತ್ತದೆ. ಮುಂದಕ್ಕೋ ಪಕ್ಕಕ್ಕೋ ಸರಿದು ಸುಳಿಯಿಂದ ಹೊರಬರಬೇಕು. ಪಕ್ಕಕ್ಕೆ ಸರಿದು ಕಡಿಮೆ ಎತ್ತರದಲ್ಲೇ ಪಾರಾಗುವ ವಿಧಾನವನ್ನು ಪ್ರಚಾರಕ್ಕೆ ತಂದವರು ಸ್ವಿಟ್ಜರ್ಲೆಂಡಿನ ಪೈಲಟ್ ಕ್ಲೋಡ್ ವುಯಿಷಾರ್.

ಇಳಿಜಾರು: ಒಂದು ಬದಿಯ ಸ್ಕಿಡ್ (ಹೆಲಿಕಾಪ್ಟರ್ ನೆಲಕ್ಕೆ ಊರುವ ಕಾಲು) ಕಲ್ಲಿಗೋ ಕೆಸರಿಗೋ ಸಿಕ್ಕಿಕೊಂಡರೆ ಅದನ್ನೇ ಕೀಲಾಗಿಸಿಕೊಂಡು ಹೆಲಿಕಾಪ್ಟರ್ ಮಗುಚಬಹುದು. ಬಾಗುವಿಕೆ ಒಂದು ಮಿತಿ ದಾಟಿದರೆ ಯಾವ ಚಾಲನೆಯೂ ಅದನ್ನು ತಡೆಯಲಾರದು.

ಎತ್ತರದ ನೆಲೆಗಳು

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ರೋಟರಿನ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ತಗ್ಗುತ್ತವೆ. ಕೇದಾರನಾಥವಿರುವುದು ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ 70ರಷ್ಟು. ಬಿಸಿಲೇರಿದರೆ ಇನ್ನೂ ಕಡಿಮೆ. ಬಯಲಿನಲ್ಲಿ ಸಲೀಸಾಗಿ ಎತ್ತುವ ಭಾರವನ್ನು ಇಲ್ಲಿ ಎತ್ತಲಾಗದು. ಹಾಗಾಗಿ ಇಳಿಯುವ ಮುನ್ನವೇ ಇಂಧನ, ರೋಗಿ, ಸಿಬ್ಬಂದಿ ಎಲ್ಲರ ತೂಕ ಕೂಡಿ, ಮತ್ತೆ ಮೇಲೇಳಲು ಶಕ್ತಿ ಉಳಿದೀತೇ ಎಂದು ಲೆಕ್ಕಹಾಕಬೇಕು. 2025ರ ಮೇ 17ರಂದು ಏಮ್ಸ್ ಋಷಿಕೇಶದ ಹೆಲಿ ಆಂಬುಲೆನ್ಸ್ ಕೇದಾರನಾಥದಲ್ಲಿ ಹೆಲಿಪ್ಯಾಡ್ ಹತ್ತಿರವೇ ನೆಲಕ್ಕಪ್ಪಳಿಸಿ ಅದರ ಬಾಲ ಮುರಿಯಿತು. ಒಳಗಿದ್ದವರೆಲ್ಲರೂ ಪಾರಾದರು.

ರಾತ್ರಿ ಮತ್ತು ಮಂಜು

ಕತ್ತಲು ಮತ್ತು ಕೆಟ್ಟ ಹವಾಮಾನ ಒಟ್ಟಾದಾಗಿನ ಅಪಾಯಕ್ಕೆ 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನಡೆದ ದುರಂತವೇ ನಿದರ್ಶನ. ರಸ್ತೆ ಅಪಘಾತದ ಇಬ್ಬರು ಗಾಯಾಳುಗಳನ್ನು ಹೊತ್ತ ಪೊಲೀಸ್ ಹೆಲಿಕಾಪ್ಟರ್ ಹವಾಮಾನ ಕೆಟ್ಟಿದ್ದರಿಂದ ಆಸ್ಪತ್ರೆ ಬಿಟ್ಟು ಆಂಡ್ರೂಸ್ ವಾಯುನೆಲೆಯತ್ತ ತಿರುಗಿತು. ಮೋಡದಿಂದ ಬೇಗ ಹೊರಬಂದು ನೆಲ ಕಾಣುವ ಪ್ರಯತ್ನದಲ್ಲಿ ಪೈಲಟ್ ರಭಸವಾಗಿ ಕೆಳಗಿಳಿದರು. ಕನಿಷ್ಠ ಎತ್ತರದಲ್ಲಿ ಇಳಿತವನ್ನು ತಡೆಯಲಿಲ್ಲ. ಹೆಲಿಕಾಪ್ಟರ್ ಪತನಗೊಂಡು ಒಳಗಿದ್ದ ಐವರಲ್ಲಿ ಉಳಿದವರು ಒಬ್ಬರೇ.

ಆ ವರ್ಷ ಅಮೆರಿಕದಲ್ಲಿ ಏರ್ ಆಂಬುಲೆನ್ಸ್ ದುರಂತಗಳು ಸಾಲುಸಾಲಾಗಿ ನಡೆದವು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2009ರ ಫೆಬ್ರುವರಿಯಲ್ಲಿ ಬಹಿರಂಗ ವಿಚಾರಣೆ ನಡೆಸಿತು. 2014ರಲ್ಲಿ ಬಂದ ಹೊಸ ನಿಯಮಗಳು ಹಾರಾಟಕ್ಕೆ ಮುನ್ನ ಅಪಾಯದ ಲಿಖಿತ ಅಂದಾಜು ಮಾಡುವುದನ್ನು ಕಡ್ಡಾಯಗೊಳಿಸಿದವು. ನೆಲ ಅಥವಾ ಅಡೆತಡೆ ಹತ್ತಿರವಾದಾಗ ಎಚ್ಚರಿಸುವ ಉಪಕರಣ, ನೆಲದಿಂದ ಎತ್ತರ ಅಳೆಯುವ ರೇಡಿಯೊ ಆಲ್ಟಿಮೀಟರ್ ಕಡ್ಡಾಯವಾದವು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಹೆಲಿಕಾಪ್ಟರ್ ಇರುವ ಸಂಸ್ಥೆಗಳು ಹಾರಾಟದ ಮೇಲೆ ಕಣ್ಣಿಡುವ ನಿಯಂತ್ರಣ ಕೇಂದ್ರ ತೆರೆಯಬೇಕಾಯಿತು. ಇರುಳಿನಲ್ಲಿ ನೋಡಲು ನೆರವಾಗುವ ಕನ್ನಡಕಗಳ ಬಳಕೆಯೂ ಹೆಚ್ಚಿದೆ. ಆದರೆ ಅವು ಪೈಲಟ್‌ನ ನೋಟದ ಹರವನ್ನು ಕಿರಿದಾಗಿಸುತ್ತವೆ. ದಟ್ಟ ಮಂಜನ್ನು ಭೇದಿಸುವುದಿಲ್ಲ.

ಆಸ್ಪತ್ರೆಯ ಹೆಲಿಪ್ಯಾಡ್

ಸಿದ್ಧ ಹೆಲಿಪ್ಯಾಡ್ ಇದ್ದಮಾತ್ರಕ್ಕೆ ಅಪಾಯ ಮುಗಿಯದು. 2022ರ ಮಾರ್ಚ್ 4ರಂದು ಇಂಗ್ಲೆಂಡಿನ ಪ್ಲಿಮತ್‌ನ ಡೆರಿಫರ್ಡ್ ಆಸ್ಪತ್ರೆಯಲ್ಲಿ ಕರಾವಳಿ ರಕ್ಷಣಾ ಪಡೆಯ ದೊಡ್ಡ ಹೆಲಿಕಾಪ್ಟರ್ ಎಸ್-92 ಇಳಿಯುತ್ತಿತ್ತು. ಅದರ ಗಾಳಿಯ ಹೊಡೆತಕ್ಕೆ ಪಕ್ಕದ ಕಾರ್ ಪಾರ್ಕಿಂಗ್‌ನಲ್ಲಿ ನಡೆಯುತ್ತಿದ್ದ ವೃದ್ಧೆಯೊಬ್ಬರು ಬಿದ್ದು ಸಾವನ್ನಪ್ಪಿದರು. ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಹೆಲಿಪ್ಯಾಡ್‌ಗೆ ತಾಗಿದ ವಾಹನ ನಿಲುಗಡೆ ಜಾಗದಲ್ಲಿ ಇಂಥ ಅಪಾಯವಿದೆ ಎಂಬುದನ್ನು ಯಾರೂ ಗುರುತಿಸಿಯೇ ಇರಲಿಲ್ಲ ಎಂದು ತನಿಖೆ ತೋರಿಸಿತು. ಹೆಲಿಕಾಪ್ಟರ್ ಭಾರವಾದಷ್ಟೂ ಅದು ಕೆಳಕ್ಕೆ ತಳ್ಳುವ ಗಾಳಿಯ ಬಲ ಹೆಚ್ಚು. ಹೆಲಿಪ್ಯಾಡ್ ಕಟ್ಟಿದ ಮೇಲೆ ದೊಡ್ಡ ಹೆಲಿಕಾಪ್ಟರ್‌ಗಳು ಬರತೊಡಗಿದರೆ ಸುತ್ತಲಿನ ವ್ಯವಸ್ಥೆಯೂ ಬದಲಾಗಬೇಕು.

ನೆಲದ ಮೇಲಿರುವವರು ಮಾಡಬೇಕಾದ್ದು

- ಜನರನ್ನೂ ವಾಹನಗಳನ್ನೂ ದೂರ ನಿಲ್ಲಿಸಬೇಕು. ಫೋನಿನಲ್ಲಿ ವಿಡಿಯೊ ತೆಗೆಯಲು ನುಗ್ಗುವವರನ್ನು ತಡೆಯಬೇಕು.
- ಟಾರ್ಪಾಲು, ತಗಡು, ಪ್ಲಾಸ್ಟಿಕ್ ಪಟ್ಟಿ, ಹೊದಿಕೆ, ಟೋಪಿ ಹೀಗೆ ಹಾರಿಹೋಗುವ ಯಾವುದನ್ನೂ ಬಿಡಬಾರದು. ಅವು ರೋಟರ್‌ಗೆ ಅಥವಾ ಎಂಜಿನ್ನಿಗೆ ಸಿಕ್ಕಿಕೊಳ್ಳಬಹುದು.
- ರೇಡಿಯೊದಲ್ಲಿ ಒಬ್ಬರೇ ಮಾತನಾಡಬೇಕು. ತಂತಿ ಎಲ್ಲಿದೆ, ಗಾಳಿ ಎತ್ತಲಿಂದ ಬೀಸುತ್ತಿದೆ ಎಂಬುದನ್ನು ಮೊದಲು ತಿಳಿಸಬೇಕು.
- ರಾತ್ರಿ ಟಾರ್ಚನ್ನಾಗಲಿ ವಾಹನದ ದೀಪವನ್ನಾಗಲಿ ಹೆಲಿಕಾಪ್ಟರಿನತ್ತ ಹಿಡಿಯಬಾರದು.
- ಪೈಲಟ್ ಕೈಸನ್ನೆ ಮಾಡುವವರೆಗೆ ಯಾರೂ ಹತ್ತಿರ ಹೋಗಬಾರದು. ಹೋಗುವುದು ಪೈಲಟ್‌ಗೆ ಕಾಣುವಂತೆ ಮುಂದಿನಿಂದ ಅಥವಾ ಪಕ್ಕದಿಂದ. ಬಾಲದ ರೋಟರ್ ಎಷ್ಟು ಬಿರುಸಾಗಿ ತಿರುಗುತ್ತದೆಂದರೆ ಅದು ಕಣ್ಣಿಗೇ ಕಾಣುವುದಿಲ್ಲ.
- ಇಳಿಜಾರಿನಲ್ಲಿ ತಗ್ಗಿನ ಕಡೆಯಿಂದಲೇ ಹೋಗಬೇಕು. ಏರಿನ ಕಡೆ ರೋಟರ್ ಅಲಗುಗಳು ನೆಲಕ್ಕೆ ಹತ್ತಿರವಿರುತ್ತವೆ. ಸಲೈನ್ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿಯಬಾರದು.

ಬೇಡ ಎನ್ನುವ ಅಧಿಕಾರ

ರೋಗಿ ಮಗುವೆಂದೋ ಗರ್ಭಿಣಿಯೆಂದೋ ತಿಳಿದ ಮೇಲೆ ಹವಾಮಾನವನ್ನು ನಿಷ್ಪಕ್ಷಪಾತವಾಗಿ ತೂಗುವುದು ಯಾರಿಗೂ ಸುಲಭವಲ್ಲ. ಆದ್ದರಿಂದಲೇ ಹಾರಾಟ ಒಪ್ಪಿಕೊಳ್ಳುವವರೆಗೂ ರೋಗಿಯ ಸ್ಥಿತಿಯನ್ನು ಪೈಲಟ್‌ಗೆ ತಿಳಿಸದಿರುವ ಪದ್ಧತಿ ಹಲವು ಸಂಸ್ಥೆಗಳಲ್ಲಿದೆ. ಹೊರಡಲು ಸಿಬ್ಬಂದಿಯ ಎಲ್ಲರೂ ಒಪ್ಪಬೇಕು, ನಿಲ್ಲಿಸಲು ಒಬ್ಬರು ಬೇಡವೆಂದರೂ ಸಾಕು ಎಂಬುದು ಇನ್ನೊಂದು ನಿಯಮ. ನರ್ಸ್ ಬೇಡವೆಂದರೂ ಅದನ್ನು ಪ್ರಶ್ನಿಸದೆ ಹಿಂದಿರುಗಬೇಕು.

ಈ ಅಧಿಕಾರ ಬರಿಯ ಬಾಯಿಮಾತಾಗಿ ಉಳಿಯದಿರಬೇಕಾದರೆ ರೋಗಿಗೆ ಬೇರೆ ದಾರಿ ಮೊದಲೇ ಸಿದ್ಧವಿರಬೇಕು. ಜಾಗ ಸರಿಯಿಲ್ಲದಾಗ ರಸ್ತೆ ಆಂಬುಲೆನ್ಸ್ ರೋಗಿಯನ್ನು ಹತ್ತಿರದ ಪರಿಚಿತ ಮೈದಾನಕ್ಕೋ ಹೆಲಿಪ್ಯಾಡ್‌ಗೋ ತರುತ್ತದೆ. ಹೆಲಿಕಾಪ್ಟರ್ ಅಲ್ಲೇ ಇಳಿಯುತ್ತದೆ. ಲಂಡನ್ನಿನ ಏರ್ ಆಂಬುಲೆನ್ಸ್ ಹಗಲಿನಲ್ಲಿ ನಗರದ ಬೀದಿ, ಉದ್ಯಾನಗಳಲ್ಲೇ ಇಳಿಯುತ್ತದೆ. ಕತ್ತಲಾದ ಮೇಲೆ ವೈದ್ಯರು, ಪ್ಯಾರಾಮೆಡಿಕ್‌ಗಳು ಅದೇ ಸಲಕರಣೆಗಳೊಂದಿಗೆ ಕಾರಿನಲ್ಲಿ ಹೊರಡುತ್ತಾರೆ. ಹೆಲಿಕಾಪ್ಟರ್ ನಿಂತರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಭರವಸೆ ಇರುವಲ್ಲಿ ಪೈಲಟ್‌ಗೆ ಬೇಡವೆನ್ನುವುದು ಸುಲಭ.