ನಟಿ ಬಿ. ಜಯಮ್ಮನವರು

ಚಳ್ಳಕೆರೆ ತಾಲ್ಲೂಕಿನ ತಳುಕೆಂದೊಡನೆ ವಾಚಕರಿಗೆ ಟಿ. ಎಸ್. ವೆಂಕಣ್ಣಯ್ಯನವರೂ ತ. ರಾ. ಸುಬ್ಬರಾಯರೂ ನೆನಪಾಗುವರು. ಬರೆದವರ ಹೆಸರು ಉಳಿಯುವುದು ಸುಲಭ, ಗ್ರಂಥವು ಕೈಯಲ್ಲಿರುವುದು. ರಂಗದ ಮೇಲೆ ಆಡಿದವರ ಕೆಲಸವಾದರೋ ದೀಪವಾರಿದೊಡನೆ ಮುಗಿಯಿತು. ಬಯಲಾಟಗಳಲ್ಲಿ ಗಂಡಸರೇ ಸ್ತ್ರೀವೇಷ ಧರಿಸುವುದು ಬಹುಕಾಲದ ವಾಡಿಕೆ. ಕಂಪನಿ ನಾಟಕಗಳಲ್ಲಿಯೂ ಮೊದಲು ಹಾಗೆಯೇ ಇದ್ದಿತು. ಆ ಕಟ್ಟನ್ನು ಮುರಿದು ಹೆಂಗಸರು ತಾವೇ ರಂಗವೇರಿದ ಕಾಲದ ನಟಿಯರಲ್ಲಿ ಬಿ. ಜಯಮ್ಮನವರು ಅಗ್ರಗಣ್ಯರು.

1915ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದ ಇವರು ಬೆಳೆದು ಹೆಸರಾದುದು 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಡೆಯ ಸಾಲಿನ ಪ್ರೇಕ್ಷಕನಿಗೂ ಮಾತು ಸ್ಪಷ್ಟವಾಗಬೇಕು, ಹಾಡು ಶ್ರುತಿ ಬಿಡಬಾರದು. ನಟಿಯ ಬಂಡವಾಳವೆಲ್ಲವೂ ಕಂಠವೇ. ಹೀಗಿರಲು ಚಿತ್ರರಂಗವು ಅವರನ್ನು ಮೊದಲು ಕರೆದುದು ಮೂಕಿಚಿತ್ರಕ್ಕೆ! 1931ರಲ್ಲಿ ರಾಫೇಲ್ ಆಲ್ಗೋಯೆ ಎಂಬ ಐರೋಪ್ಯನು ನಿರ್ದೇಶಿಸಿದ 'ಹಿಸ್ ಲವ್ ಅಫೇರ್' ಚಿತ್ರದಲ್ಲಿ ಗುಬ್ಬಿ ವೀರಣ್ಣನವರೊಡನೆ ಜಯಮ್ಮನವರು ಅಭಿನಯಿಸಿದರು. ಕಂಠವನ್ನು ಬದಿಗಿಟ್ಟು ಕಣ್ಣು, ಕೈ, ನಡಿಗೆಗಳಿಂದಲೇ ಭಾವವನ್ನು ತೋರಬೇಕಾಯಿತು.

1934ರಲ್ಲಿ 'ಸತಿ ಸುಲೋಚನ'ದಿಂದ ಕನ್ನಡ ಚಿತ್ರಕ್ಕೆ ಮಾತು ಬಂದಿತು. ಬಳಿಕ 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' (1945) ಚಿತ್ರಗಳಲ್ಲಿ ಜಯಮ್ಮನವರ ಅಭಿನಯದೊಡನೆ ಅವರ ಮಾತೂ ಜನರಿಗೆ ಲಭಿಸಿತು. ಕನ್ನಡ ತೆಲುಗುಗಳೆರಡನ್ನೂ ಬಲ್ಲ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಿಗೆ ಅವರ ಇನ್ನೊಂದು ಚಿತ್ರವು ವಿಶೇಷವಾಗಿ ರುಚಿಸತಕ್ಕದ್ದು: ಬಿ. ಎನ್. ರೆಡ್ಡಿಯವರ ತೆಲುಗಿನ 'ಸ್ವರ್ಗಸೀಮ' (1945). ಅದರಲ್ಲಿ ಪತ್ರಿಕಾ ಸಂಪಾದಕನೊಬ್ಬನು ನಾಟಕದ ನಟಿಗೆ ಮನಸೋತು ಮನೆಯನ್ನು ತೊರೆಯುವನು. ನಟಿಯ ಪಾತ್ರ ಭಾನುಮತಿಯವರದು. ತೊರೆಯಲ್ಪಟ್ಟ ಗೃಹಿಣಿ ಕಲ್ಯಾಣಿಯ ಪಾತ್ರ ಜಯಮ್ಮನವರದು. ಹುಟ್ಟಾ ರಂಗನಟಿಯಾದವರು ರಂಗದ ಮೋಹದಿಂದ ನೊಂದ ಹೆಣ್ಣಾಗಿ ಕಾಣಿಸಿಕೊಂಡುದು ಸೋಜಿಗವಲ್ಲವೆ?

1988ರಲ್ಲಿ ಅವರು ತೀರಿಕೊಂಡರು. ಅವರನ್ನು ವೀರಣ್ಣನವರ ಪತ್ನಿಯೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗುವವರುಂಟು. ಅದು ನಿಜವೇ ಆದರೂ ಅಷ್ಟೇ ನಿಜವಲ್ಲ. ರಂಗ, ಮೂಕಿ, ವಾಕ್ಚಿತ್ರ, ಈ ಮೂರರ ಬೇರೆ ಬೇರೆ ನಿಯಮಗಳನ್ನೂ ಕಲಿತು ಗೆದ್ದುದು ಅವರ ಸ್ವಂತ ಸಾಧನೆ. ನಮ್ಮ ತಾಲ್ಲೂಕುಗಳಲ್ಲಿಯೂ ಕಂಪನಿ ನಾಟಕಗಳನ್ನು ಕಂಡ ಹಿರಿಯರು ಕೆಲವರಾದರೂ ಉಳಿದಿರಬಹುದು. ಅವರ ನೆನಪಿನಲ್ಲಿರುವ ನಟಿಯರ ಹೆಸರುಗಳನ್ನು ಈಗಲೇ ಬರೆದಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ದೀಪವಾರಿದ ಮೇಲೆ ಹುಡುಕಿದರೆ ದೊರೆಯುವುದೇನು?